ಹಳೆಯ ಲಾರಿಯ ಹೀಟರ್ ಮತ್ತು ಗಾಜಿನ ಮಬ್ಬು: ಮಲೆನಾಡಿನ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆಯ ಲಾರಿ ಓಡಿಸುವವರಿಗೆ ಹೀಟರ್ ಬೇಕಾಗುವುದು ಚಳಿ ಕಳೆಯುವುದಕ್ಕಿಂತ ಹೆಚ್ಚಾಗಿ ಮುಂದಿನ ಗಾಜಿನ ಒಳಮೈಯಲ್ಲಿ ಕಟ್ಟುವ ಆವಿಯನ್ನು ತೆಗೆಯಲು. ಹುಲಿಕಲ್ ಘಾಟಿಯಲ್ಲಿ ಹೊರಗೆ ಮಂಜು, ಒಳಗೆ ಮಬ್ಬು ಎರಡೂ ಸೇರಿದರೆ ಎದುರಿನಿಂದ ಬರುವ ಬಸ್ಸಿನ ದೀಪ ತಿರುವಿಗೆ ಬಂದ ಮೇಲೆಯೇ ಕಾಣುತ್ತದೆ. ವೈಪರ್ ಹೊರಗಿನ ನೀರನ್ನು ಒರೆಸುತ್ತದೆ. ಒಳಗಿನದಕ್ಕೆ ಚಾಲಕನ ಬಳಿ ಇರುವುದು ಒಂದು ಬಟ್ಟೆ ಮಾತ್ರ, ಮತ್ತು ತಿರುವಿನಲ್ಲಿ ಸ್ಟಿಯರಿಂಗ್‌ನಿಂದ ಕೈ ತೆಗೆದು ಗಾಜು ಒರೆಸುವುದು ಯಾರೂ ಮಾಡಬಾರದ ಕೆಲಸ. ಆದ್ದರಿಂದ ಈ ಹೀಟರನ್ನು ಅಲಂಕಾರದ ಸಾಮಾನೆಂದು ಬಗೆಯದೆ, ಬ್ರೇಕಿನಷ್ಟೇ ಗಂಭೀರವಾಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಹೇಳುವುದು 1950ರಿಂದ 1970ರ ದಶಕದವರೆಗಿನ ಲಾರಿಗಳಿಗೆ ಸಂಬಂಧಿಸಿದ್ದು: ಡೈಮ್ಲರ್-ಬೆಂಝ್ ಜೊತೆಗಿನ ಒಪ್ಪಂದದಡಿ 1954ರಿಂದ ತಯಾರಾದ ಟಾಟಾ ಮರ್ಸಿಡಿಸ್-ಬೆಂಝ್, ಅಶೋಕ್ ಲೇಲ್ಯಾಂಡ್‌ನ ಕಾಮೆಟ್, ಬೆಡ್‌ಫೋರ್ಡ್, ಡಾಡ್ಜ್ ಮತ್ತು ಫಾರ್ಗೊ. ಇವುಗಳಲ್ಲಿ ಬಹಳಷ್ಟು ಗಾಡಿಗಳು ಕಾರ್ಖಾನೆಯಿಂದ ಬರಿಯ ಛಾಸಿಯಾಗಿ (ಎಂಜಿನ್, ಚಕ್ರ ಕೂರಿಸಿದ ಲೋಹದ ಚೌಕಟ್ಟಾಗಿ) ಹೊರಬಂದು, ಊರಿನ ಬಾಡಿ ಕಟ್ಟುವವರ ಕೈಯಲ್ಲಿ ಮರದ ಚೌಕಟ್ಟಿನ ಕ್ಯಾಬಿನ್ ಪಡೆದವು; ಹೀಟರನ್ನು ಆಮೇಲೆ ಬೇರೊಂದು ಗಾಡಿಯಿಂದ ತೆಗೆದು ಕೂರಿಸಲಾಯಿತು. ಮರದ ಕ್ಯಾಬಿನ್ ಮತ್ತು ಬೇರೆ ಗಾಡಿಯ ಹೀಟರ್ ಎಂಬ ಈ ಎರಡು ಸಂಗತಿಗಳೇ ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವುಗಳ ಮೂಲ.

ದೂರನ್ನು ಮೊದಲು ಬೇರ್ಪಡಿಸಬೇಕು

"ಹೀಟರ್ ಕೆಲಸ ಮಾಡುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ಗಾಳಿಯೇ ಬಾರದಿರುವುದು ಅಥವಾ ಸಣ್ಣಗೆ ಬರುವುದು ಒಂದು. ಇದು ಬಹುತೇಕ ವೈರಿಂಗಿನ ದೋಷ. ಗಾಳಿ ಜೋರಾಗಿ ಬಂದರೂ ತಣ್ಣಗಿರುವುದು ಎರಡನೆಯದು. ಈ ಹೀಟರಿಗೆ ಶಾಖ ಬರುವುದು ಅದರ ಜಾಲರಿಯಲ್ಲಿ ಹರಿಯುವ ಎಂಜಿನ್ನಿನ ಬಿಸಿ ನೀರಿನಿಂದ, ಆದ್ದರಿಂದ ಇದು ನೀರಿನ ದಾರಿಯ ದೋಷ. ಗಾಳಿ ಬಿಸಿಯಾಗಿ ಬಂದರೂ ಗಾಜಿನ ಮಬ್ಬು ಹೋಗದಿರುವುದು ಮೂರನೆಯದು. ಇದು ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದರ ದೋಷ. ಇವನ್ನು ಬೇರ್ಪಡಿಸದೆ ಸ್ಪ್ಯಾನರ್ ಹಿಡಿದರೆ ಚೆನ್ನಾಗಿದ್ದ ಫ್ಯಾನಿನ ಮೋಟಾರನ್ನು ಬಿಚ್ಚಿ ಬ್ರಷ್ ಬದಲಿಸುವುದು, ಬದಲಿಸಿದ ಮೇಲೂ ಗಾಜು ಹಾಗೆಯೇ ಇರುವುದು ನಡೆಯುತ್ತದೆ.

ಬೇರ್ಪಡಿಸಲು ಉಪಕರಣ ಏನೂ ಬೇಡ. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಹೀಟರಿಗೆ ನೀರು ಬಿಡುವ ಕಾಕ್ ತೆರೆದು, ಬ್ಲೋವರನ್ನು (ಗಾಳಿ ಊದುವ ಫ್ಯಾನನ್ನು) ಹೆಚ್ಚಿನ ವೇಗಕ್ಕೆ ಹಾಕಿ, ಗಾಜಿನ ಬುಡದ ಸೀಳುಗಂಡಿಯ ಉದ್ದಕ್ಕೂ ಅಂಗೈ ಆಡಿಸಿದರೆ ಸಾಕು. ಆನಂತರ ಹೆಡ್‌ಲ್ಯಾಂಪ್ ಮತ್ತು ವೈಪರ್ ಎರಡನ್ನೂ ಹಾಕಿ ಮತ್ತೊಮ್ಮೆ ಕೈ ಹಿಡಿಯಬೇಕು. ದೀಪ ಹಾಕಿದ ತಕ್ಷಣ ಗಾಳಿ ಕುಗ್ಗಿದರೆ, ಅಥವಾ ಬ್ಲೋವರ್ ಹಾಕಿದಾಗ ಡ್ಯಾಶ್‌ಬೋರ್ಡಿನ ದೀಪ ಮಂಕಾದರೆ, ಅವೆರಡೂ ಒಂದೇ ಕೆಟ್ಟ ಜೋಡಣೆಯನ್ನು ಹಂಚಿಕೊಂಡಿವೆ ಎಂದು ತಿಳಿಯಬಹುದು.

ಎಷ್ಟು ವೋಲ್ಟಿನ ಗಾಡಿ, ಯಾವ ಕಡೆ ಅರ್ತ್

ಅರ್ತ್ ಎಂದರೆ ವಿದ್ಯುತ್ತಿನ ಸುತ್ತು ಪೂರ್ತಿಯಾಗಲು ಛಾಸಿಗೆ ಕೊಟ್ಟ ಜೋಡಣೆ. ಮೀಟರ್ ಹಿಡಿಯುವ ಮುನ್ನ ಬ್ಯಾಟರಿಯನ್ನು ಕಣ್ಣಾರೆ ನೋಡಬೇಕು. ಒಂದೇ 12 ವೋಲ್ಟಿನ ಬ್ಯಾಟರಿ ಇದೆಯೇ, ಅಥವಾ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿದ್ದಾರೆಯೇ ಎಂಬುದನ್ನು ಪಟ್ಟಿಗಳ ಜಾಡು ಹಿಡಿದು ಖಚಿತಪಡಿಸಿಕೊಳ್ಳಬೇಕು. ಎರಡು ಬ್ಯಾಟರಿ ಕಂಡ ಮಾತ್ರಕ್ಕೆ 24 ವೋಲ್ಟ್ ಎಂದು ಭಾವಿಸಬಾರದು, ಏಕೆಂದರೆ ಅವು ಸಮಾಂತರವಾಗಿ ಜೋಡಣೆಯಾಗಿರಲೂಬಹುದು. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎರಡು ಸರಣಿಯಲ್ಲಿದ್ದರೆ 25.2ರ ಆಸುಪಾಸು.

24 ವೋಲ್ಟಿನ ಲಾರಿಗೆ ಜೀಪಿನ ಅಥವಾ ಕಾರಿನ 12 ವೋಲ್ಟ್ ಬ್ಲೋವರ್ ಕೂರಿಸಿದವರು ಎರಡು ಬ್ಯಾಟರಿಗಳ ನಡುವಿನ ಪಟ್ಟಿಯಿಂದ ಒಂದು ವೈರ್ ಎಳೆದು ಕೆಲಸ ಮುಗಿಸಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಬ್ಲೋವರ್ ತಿರುಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಹೀಗೆ ಮಾಡಿದಾಗ ಅರ್ತ್ ಕಡೆಯ ಬ್ಯಾಟರಿ ಮಾತ್ರ ಬರಿದಾಗುತ್ತಾ ಹೋಗುತ್ತದೆ. ಚಾರ್ಜ್ ಮಾಡುವ ಯಂತ್ರಕ್ಕೆ ಕಾಣುವುದು ಎರಡರ ಒಟ್ಟು ವೋಲ್ಟೇಜ್ ಮಾತ್ರವಾದ್ದರಿಂದ, ಇನ್ನೊಂದು ಬ್ಯಾಟರಿ ಮಿತಿಮೀರಿ ಚಾರ್ಜ್ ಆಗಿ ಅದರ ನೀರು ಒಣಗುತ್ತದೆ. ಪ್ರತಿ ಮಳೆಗಾಲದಲ್ಲೂ ಒಂದು ಬ್ಯಾಟರಿ ಸಾಯುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಈ ನಡುವಿನ ವೈರನ್ನು. ಇದಕ್ಕೆ ಸರಿಯಾದ ಪರಿಹಾರ 24 ವೋಲ್ಟಿನ ಮೋಟಾರ್. ಅದು ಸಿಗದಿದ್ದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರನ್ನು ಮೋಟಾರಿಗಿಂತ ಹೆಚ್ಚಿನ ಆಂಪಿಯರ್‌ನದು ನೋಡಿ ಹಾಕಬೇಕು.

ಬ್ರಿಟಿಷ್ ಮೂಲದ ಕೆಲವು ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬದಿ ಛಾಸಿಗೆ ಜೋಡಣೆಯಾಗಿರುತ್ತದೆ. ಅಂಥ ಗಾಡಿಗೆ ಈಗಿನ ಕಾಲದ, ಒಳಗೆ ಶಾಶ್ವತ ಅಯಸ್ಕಾಂತವಿರುವ ಮೋಟಾರನ್ನು ವೈರಿನ ಬಣ್ಣ ನೋಡಿ ಜೋಡಿಸಿದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಅಳಿಲುಪಂಜರದಂತಹ ಉರುಳೆ ಫ್ಯಾನ್ ಹಿಮ್ಮುಖವಾಗಿ ತಿರುಗಿದರೂ ಗಾಳಿ ಅದೇ ದಾರಿಯಲ್ಲಿ ಹೊರಬರುತ್ತದೆ, ಆದರೆ ತೀರಾ ಕಡಿಮೆ ಪ್ರಮಾಣದಲ್ಲಿ. ಸದ್ದು ಸರಿಯಾಗಿದ್ದು ಗಾಳಿ ಮಾತ್ರ ಕಡಿಮೆಯಿದ್ದರೆ ತಿರುಗುವ ದಿಕ್ಕನ್ನು ನೋಡಲು ಮರೆಯಬಾರದು.

ಭಾರ ಹಾಕಿ ಅಳೆಯುವುದು

ಇಡೀ ಕೈಪಿಡಿಯಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಕಡೆ ವೈರಿಂಗ್ ಪರೀಕ್ಷೆ ಎಂದರೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡುವುದು. ದೀಪ ಹತ್ತಿದರೆ "ಸಪ್ಲೈ ಬರ್ತಿದೆ, ಮೋಟಾರೇ ಹೋಗಿದೆ" ಎಂದು ತೀರ್ಮಾನಿಸುವುದು. ಈ ತೀರ್ಮಾನ ಏಕೆ ದಾರಿ ತಪ್ಪಿಸುತ್ತದೆ ಎಂಬುದನ್ನು ಲೆಕ್ಕವೇ ಹೇಳುತ್ತದೆ. 3 ವಾಟಿನ ಟೆಸ್ಟ್ ಲ್ಯಾಂಪ್ 12 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರ್ ಮಾತ್ರ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಮೂರನೇ ಒಂದು ಓಮ್‌ನಷ್ಟು ಪ್ರತಿರೋಧವಿದ್ದರೆ, ಆ ದೀಪದ ಪಾಲಿಗೆ ನಷ್ಟವಾಗುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ದೀಪ ಪ್ರಕಾಶಮಾನವಾಗಿಯೇ ಉರಿಯುತ್ತದೆ. ಅದೇ ಜೋಡಣೆಯ ಮೂಲಕ ಬ್ಲೋವರ್ 7 ಆಂಪಿಯರ್ ಎಳೆದಾಗ ಎರಡು ವೋಲ್ಟಿಗೂ ಹೆಚ್ಚು ನಷ್ಟವಾಗಿ, ಮೋಟಾರ್ ಏದುಸಿರು ಬಿಡುತ್ತದೆ. ಮೋಟಾರಿನ ವೈರ್ ಬಿಚ್ಚಿಟ್ಟು ಮಲ್ಟಿಮೀಟರ್‌ನಲ್ಲಿ ನೋಡಿದಾಗಲೂ ಇದೇ ಮೋಸ ಆಗುತ್ತದೆ. ಹೀಗಾಗಿ ಬ್ಲೋವರ್ ಜೋಡಣೆಯಾಗಿ, ಪೂರ್ತಿ ವೇಗದಲ್ಲಿ ತಿರುಗುತ್ತಿರುವಾಗಲೇ ಅಳತೆ ತೆಗೆದುಕೊಳ್ಳಬೇಕು.

ಅಳೆಯುವ ಕ್ರಮ ಸರಳವಾಗಿದೆ. ನೆಗೆಟಿವ್ ಅರ್ತ್ ಇರುವ 12 ವೋಲ್ಟಿನ ಗಾಡಿ ಎಂದಿಟ್ಟುಕೊಳ್ಳೋಣ. ಎಂಜಿನ್ ಓಡುತ್ತಿರಲಿ, ಹೆಡ್‌ಲ್ಯಾಂಪ್ ಹತ್ತಿರಲಿ, ಬ್ಲೋವರ್ ಹೆಚ್ಚಿನ ವೇಗದಲ್ಲಿರಲಿ. ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ, ಆಮೇಲೆ ಬ್ಲೋವರಿನ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ನೋಡಿ ಬರೆದುಕೊಳ್ಳಬೇಕು. ಎರಡರ ವ್ಯತ್ಯಾಸವೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅದು ಎಲ್ಲಿ ಕಳೆದುಹೋಯಿತೆಂದು ತಿಳಿಯಲು ಉದ್ದನೆಯ ವೈರ್ ಕಟ್ಟಿದ ಮೀಟರ್ ಕಡ್ಡಿಯ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇನ್ನೊಂದನ್ನು ಬ್ಲೋವರಿನ ಪಾಸಿಟಿವ್ ಟರ್ಮಿನಲ್‌ಗೂ ಹಿಡಿದರೆ ಹೋಗುವ ದಾರಿಯ ನಷ್ಟ ನೇರವಾಗಿ ಕಾಣುತ್ತದೆ. ಬ್ಲೋವರಿನ ನೆಗೆಟಿವ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಹಿಡಿದರೆ ಮರಳಿ ಬರುವ ದಾರಿಯ, ಅಂದರೆ ಅರ್ತಿನ ನಷ್ಟ ಕಾಣುತ್ತದೆ. ಒಂದೊಂದು ದಾರಿಯಲ್ಲಿ ಅರ್ಧ ವೋಲ್ಟಿನವರೆಗೆ ಸಹಿಸಿಕೊಳ್ಳಬಹುದು. ಅದನ್ನು ಮೀರಿದರೆ ದುರಸ್ತಿ ಬೇಕು.

ತೀರ್ಥಹಳ್ಳಿ ಕಡೆಯ, ಅಡಿಕೆ ತೋಟದ ಮನೆಯೊಂದರ ಹಳೆಯ ಲಾರಿಯಲ್ಲಿ ಸಿಕ್ಕ ಅಳತೆಗಳನ್ನು ಉದಾಹರಣೆಯಾಗಿ ಕೊಡುತ್ತೇನೆ. ಬ್ಯಾಟರಿಯಲ್ಲಿ 12.4 ವೋಲ್ಟ್, ಬ್ಲೋವರಿನಲ್ಲಿ 8.6. ಕಳೆದುಹೋದ 3.8 ವೋಲ್ಟಿನಲ್ಲಿ ಹೋಗುವ ದಾರಿಯ ಪಾಲು 1.4, ಅರ್ತಿನ ಪಾಲು 2.4. ಮೋಟಾರ್ ಎಳೆಯುತ್ತಿದ್ದುದು 7 ಆಂಪಿಯರ್. ಅಂದರೆ ಅರ್ತಿನ ದಾರಿಯೊಂದರಲ್ಲೇ ಸುಮಾರು 17 ವಾಟ್ ಬಿಸಿಯಾಗಿ ಹೋಗುತ್ತಿತ್ತು. ಬ್ಲೋವರನ್ನು ಹತ್ತು ನಿಮಿಷ ಓಡಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸಿದಾಗ ಒಂದು ಬೋಲ್ಟ್ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಅದನ್ನು ಬಿಚ್ಚಿದಾಗ ಲಗ್ಗಿನ (ವೈರಿನ ತುದಿಗೆ ಹಾಕುವ ಲೋಹದ ಬಳೆಯ) ಕೆಳಗೆ ನೀಲಿ-ಹಸಿರು ಪುಡಿ, ಅದರ ಕೆಳಗೆ ಹಸಿರು ಪೇಂಟ್, ಪೇಂಟಿನ ಕೆಳಗೆ ತಗಡು, ತಗಡಿನ ಹಿಂದೆ ಮರ. ಮರಕ್ಕೆ ಮೊಳೆ ಹೊಡೆದು ಕೂರಿಸಿದ ಆ ತಗಡಿಗೆ ಛಾಸಿಯ ಜೊತೆ ಇದ್ದ ಸಂಬಂಧವೆಂದರೆ ತುಕ್ಕು ಹಿಡಿದ ಒಂದೆರಡು ಬ್ರಾಕೆಟ್‌ಗಳು ಮಾತ್ರ. ಮೋಟಾರಿನ ನೆಗೆಟಿವ್ ಟರ್ಮಿನಲ್‌ನಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ದಪ್ಪ ವೈರೊಂದನ್ನು ತಾತ್ಕಾಲಿಕವಾಗಿ ಹಿಡಿದ ಕೂಡಲೇ ಬ್ಲೋವರಿನ ಸದ್ದು ಒಂದು ಸ್ವರ ಮೇಲೇರಿತು. ಮೀಟರ್ ಇಲ್ಲದವರೂ ಈ ಕೊನೆಯ ಪರೀಕ್ಷೆಯನ್ನು ಮಾಡಬಹುದು. ವೈರ್ ಹಿಡಿದಾಗ ವೇಗ ಏರಿದರೆ ದೋಷ ಅರ್ತಿನಲ್ಲೇ ಇದೆ.

ಮಲೆನಾಡಿನಲ್ಲಿ ನಾಲ್ಕು ತಿಂಗಳು ಹವೆಯಲ್ಲಿ ಪಸೆ ಆರುವುದೇ ಇಲ್ಲ. ತಾಮ್ರದ ಲಗ್ಗು, ಕಬ್ಬಿಣದ ತಗಡು, ಇವೆರಡರ ನಡುವೆ ತೇವ ಕೂತರೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಆದ್ದರಿಂದ ಬಾಡಿಗೆ ಅರ್ತ್ ಕೊಡುವ ಪದ್ಧತಿಯನ್ನೇ ಬಿಟ್ಟು, ಬ್ಲೋವರಿನಿಂದ ಛಾಸಿಯ ಗಟ್ಟಿ ಬೋಲ್ಟಿಗೆ ಪ್ರತ್ಯೇಕ ವೈರ್ ಎಳೆಯುವುದೇ ಇಲ್ಲಿನ ಹವೆಗೆ ಒಗ್ಗುವ ಕ್ರಮ. ಬೋಲ್ಟ್ ಕೂರುವ ಜಾಗವನ್ನು ಉಜ್ಜುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ತವರ ಲೇಪಿತ ಲಗ್ಗು ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ನಂತರ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಬೇಕು. ಬ್ಯಾಟರಿಯಿಂದ ಛಾಸಿಗೆ, ಛಾಸಿಯಿಂದ ಎಂಜಿನ್‌ಗೆ ಇರುವ ಹೆಣೆದ ಪಟ್ಟಿಗಳನ್ನೂ ಇದೇ ವೇಳೆ ನೋಡಬೇಕು. ಅವು ಸವೆದಿದ್ದರೆ ಎಷ್ಟೇ ಒಳ್ಳೆಯ ವೈರ್ ಎಳೆದರೂ ಪ್ರಯೋಜನವಿಲ್ಲ.

ಹೋಗುವ ದಾರಿ: ಫ್ಯೂಸ್, ಸ್ವಿಚ್, ರೆಸಿಸ್ಟರ್

ಹೋಗುವ ದಾರಿಯಲ್ಲಿ ನಷ್ಟ ಕಂಡರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ನಲ್ಲೇ ಇಟ್ಟು, ಇನ್ನೊಂದನ್ನು ಒಂದೊಂದೇ ಜೋಡಣೆಗೆ ಮುಟ್ಟಿಸುತ್ತಾ ಮುಂದುವರಿಯಬೇಕು: ಫ್ಯೂಸಿನ ಈಚೆ, ಆಚೆ, ಸ್ವಿಚ್ಚಿನ ಈಚೆ, ಆಚೆ. ಅಳತೆ ಎಲ್ಲಿ ಥಟ್ಟನೆ ಜಿಗಿಯುತ್ತದೋ ಅಲ್ಲಿದೆ ದೋಷ.

ಎರಡೂ ತುದಿ ಚೂಪಾದ ಪಿಂಗಾಣಿ ಫ್ಯೂಸುಗಳಲ್ಲಿ ಒಳಗಿನ ಪಟ್ಟಿ ಸರಿಯಾಗಿದ್ದರೂ ತುದಿ ಮತ್ತು ಕ್ಲಿಪ್ಪಿನ ನಡುವೆ ಬೂದು ಪದರ ಕಟ್ಟುತ್ತದೆ. ಫ್ಯೂಸನ್ನು ಬೆರಳಿನಿಂದ ಹೊರಳಿಸಿದಾಗ ಬ್ಲೋವರ್ ಚುರುಕಾದರೆ ಕ್ಲಿಪ್ಪುಗಳನ್ನು ಉಜ್ಜಿ, ಸ್ವಲ್ಪ ಒಳಕ್ಕೆ ಬಗ್ಗಿಸಿ ಬಿಗಿ ಮಾಡಬೇಕು. ಈ ಜಾತಿಯಲ್ಲಿ ಬಿಳಿಯದು 8 ಆಂಪಿಯರ್, ಕೆಂಪು 16. ಬ್ರಿಟಿಷ್ ಗಾಡಿಗಳ ಗಾಜಿನ ಫ್ಯೂಸಿನ ಲೆಕ್ಕ ಬೇರೆ: ಲ್ಯೂಕಾಸ್ ಕಂಪನಿಯ ಹಳೆಯ ಪದ್ಧತಿಯಲ್ಲಿ ಮೇಲೆ ಬರೆದಿರುವುದು ಫ್ಯೂಸ್ ಹಾರುವ ಆಂಪಿಯರ್, ಸತತವಾಗಿ ಹೊರಬಲ್ಲದ್ದು ಅದರ ಅರ್ಧ. 35 ಎಂದು ಬರೆದ ಹಳೆಯ ಫ್ಯೂಸಿನ ಜಾಗಕ್ಕೆ ಈಗಿನ 35 ಆಂಪಿಯರ್ ಫ್ಯೂಸ್ ಹಾಕಿದರೆ ವೈರಿಗೆ ರಕ್ಷಣೆಯೇ ಇಲ್ಲದಂತಾಗುತ್ತದೆ. ಸಿಗರೇಟ್ ಪ್ಯಾಕಿನ ಬೇಗಡೆ, ತಾಮ್ರದ ಎಳೆ ಇವನ್ನು ಫ್ಯೂಸಿನ ಬದಲು ಸುತ್ತಿರುವುದು ಕಂಡರೆ ಬೇರೆ ಕೆಲಸ ನಿಲ್ಲಿಸಿ ಮೊದಲು ಅದನ್ನು ತೆಗೆಯಬೇಕು. ಮರದ ಕ್ಯಾಬಿನ್ನಿನಲ್ಲಿ ವೈರ್ ಹೊತ್ತಿದರೆ ಅದು ವೈರಿಗೇ ಮುಗಿಯುವುದಿಲ್ಲ.

ಹೆಚ್ಚಿನ ವೇಗದಲ್ಲಿ ಸರಿಯಾಗಿ ತಿರುಗಿ ಕಡಿಮೆ ವೇಗದಲ್ಲಿ ಪೂರ್ತಿ ನಿಂತುಹೋದರೆ ವೇಗ ತಗ್ಗಿಸುವ ರೆಸಿಸ್ಟರಿನ ಸುರುಳಿ ತುಂಡಾಗಿದೆ. ಹೆಚ್ಚಿನ ವೇಗದಲ್ಲಿ ವಿದ್ಯುತ್ ಆ ಸುರುಳಿಯನ್ನು ಹಾಯದೆ ನೇರ ಹೋಗುವುದರಿಂದ ಹೀಗಾಗುತ್ತದೆ. ಸುರುಳಿ ಕೆಂಪಗೆ ಕಾಯುವ ವಸ್ತುವಾದ್ದರಿಂದ ಅದನ್ನು ಗಾಳಿ ಬಡಿಯುವ ಜಾಗದಲ್ಲೇ ಕೂರಿಸಬೇಕು. ಮರದ ಹಲಗೆಗೆ ನೇರವಾಗಿ ತಿರುಪು ಹಾಕಬಾರದು.

ಇಡೀ ದಾರಿಯನ್ನು ಹೊಸದಾಗಿ ಎಳೆಯುವುದು ಅನೇಕ ಸಲ ದುರಸ್ತಿಗಿಂತ ಬೇಗ ಮುಗಿಯುವ ಕೆಲಸ. ಬಟ್ಟೆ ಹೊದಿಕೆಯ ಹಳೆಯ ವೈರನ್ನು ತುದಿಯಲ್ಲಿ ಸುಲಿದರೆ ತಾಮ್ರದ ಎಳೆಗಳು ಕಪ್ಪಗಾಗಿರುವುದು ಕಾಣುತ್ತದೆ; ಇನ್ನೊಂದಿಷ್ಟು ಸುಲಿದರೂ ಕಪ್ಪೇ ಇದ್ದರೆ ತೇವ ಒಳಗೆ ಬಹುದೂರ ಹರಿದಿದೆ, ಆ ವೈರಿಗೆ ಹೊಸ ಲಗ್ಗು ಹಾಕುವುದು ವ್ಯರ್ಥ. 12 ವೋಲ್ಟಿನಲ್ಲಿ 8 ಆಂಪಿಯರ್ ಎಳೆಯುವ ಬ್ಲೋವರಿಗೆ ನಾಲ್ಕು ಮೀಟರ್ ದೂರಕ್ಕೆ 1 ಚದರ ಮಿಲಿಮೀಟರ್ ವೈರ್ ಹಾಕಿದರೆ ವೈರಿನಲ್ಲೇ ಅರ್ಧ ವೋಲ್ಟಿಗೂ ಮೀರಿ ನಷ್ಟ, 2.5 ಚದರ ಮಿಲಿಮೀಟರ್ ಹಾಕಿದರೆ ಅದು 0.22 ವೋಲ್ಟಿಗೆ ಇಳಿಯುತ್ತದೆ. ಅರ್ತಿನ ವೈರಿಗೂ ಇದೇ ಗಾತ್ರ ಇರಬೇಕು. ಮನೆಗೆ ಹಾಕುವ ಗಡಸು ವೈರ್ ಲಾರಿಯ ಅದುರಾಟಕ್ಕೆ ತಿರುಪಿನ ಬುಡದಲ್ಲಿ ಮುರಿಯುತ್ತದೆ; ಸಣ್ಣ ಎಳೆಗಳ ಆಟೊ ವೈರನ್ನೇ ಕೇಳಿ ತರಬೇಕು. ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನ ಅಂಗಡಿಗಳಲ್ಲಿ ಇದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ತವರದ ಲಗ್ಗು ಎಲ್ಲವೂ ಸಿಗುತ್ತವೆ.

ರಿಲೇ ಹಾಕುವುದು ಹಳೆಯ ಗಾಡಿಯ ಸ್ವರೂಪಕ್ಕೆ ಅಪಚಾರ ಎಂದು ಭಾವಿಸುವವರಿದ್ದಾರೆ. ಡ್ಯಾಶ್‌ಬೋರ್ಡಿನ ಹಿಂದೆ ಯಾರಿಗೂ ಕಾಣದಂತೆ ಕೂರಿಸಬಹುದಾದ ಈ ಸಣ್ಣ ಪೆಟ್ಟಿಗೆ ಅರವತ್ತು ವರ್ಷ ಹಳೆಯ ಇಗ್ನಿಷನ್ ಸ್ವಿಚ್ಚಿನ ಮೇಲಿನ ಭಾರವನ್ನು ಇಳಿಸುತ್ತದೆಯಾದ್ದರಿಂದ, ಹಳೆಯ ವಸ್ತುವನ್ನು ಉಳಿಸುವ ಉಪಾಯವೇ ಅದು ಎಂದು ನಾನು ಹೇಳುತ್ತೇನೆ. ಬ್ಯಾಟರಿಯ ಕಂಬದ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲಿಗೆ ದಪ್ಪ ವೈರ್, 87ರಿಂದ ಬ್ಲೋವರಿನ ವೇಗದ ಸ್ವಿಚ್ಚಿಗೆ ಮತ್ತೊಂದು, 86ಕ್ಕೆ ಇಗ್ನಿಷನ್ ಸ್ವಿಚ್ಚಿನಿಂದ ಬರುವ ತೆಳು ವೈರ್, 85 ಅರ್ತಿಗೆ. ರಿಲೇಯ ಸುರುಳಿ ಎಳೆಯುವುದು ಸುಮಾರು 150 ಮಿಲಿಆಂಪಿಯರ್ ಮಾತ್ರ. 24 ವೋಲ್ಟಿನ ಗಾಡಿಗೆ 24 ವೋಲ್ಟಿನದೇ ರಿಲೇ ಆಗಬೇಕು. ರಿಲೇಯನ್ನು ಕಾಲುಗಳು ಕೆಳಮುಖವಾಗುವಂತೆ ಕೂರಿಸಿ, ಪ್ರತಿ ವೈರೂ ಟರ್ಮಿನಲ್‌ಗಿಂತ ಸ್ವಲ್ಪ ಕೆಳಗೆ ಜೋತು ಆಮೇಲೆ ಮೇಲೇರುವಂತೆ ಕಟ್ಟಿದರೆ, ವೈರಿನ ಮೇಲೆ ಹರಿದುಬಂದ ಮಳೆನೀರು ಜೋಡಣೆಗೆ ತಲುಪದೆ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡನ್ನು ವೈರ್ ದಾಟುವಲ್ಲಿ ರಬ್ಬರ್ ಬಳೆ ಇರಲೇಬೇಕು. ಈ ಕೆಲಸವೆಲ್ಲ ಮುಗಿಯುವವರೆಗೆ ಬ್ಯಾಟರಿಯ ಅರ್ತ್ ಪಟ್ಟಿ ಬಿಚ್ಚಿರಬೇಕು.

ಡೈನಮೊ ಇರುವ ಗಾಡಿಯ ಮಿತಿ

ವೈರಿಂಗ್ ಸರಿಯಾದ ಮೇಲೂ ಘಾಟಿಯಲ್ಲಿ ಎದುರಿನ ಗಾಡಿಗೆ ದಾರಿ ಬಿಟ್ಟು ನಿಂತಾಗ ಗಾಳಿ ಕುಗ್ಗುತ್ತಿದ್ದರೆ ಅದನ್ನು ದೋಷವೆನ್ನಲಾಗದು. ಬ್ಯಾಟರಿ ಚಾರ್ಜ್ ಮಾಡುವ 12 ವೋಲ್ಟಿನ ಹಳೆಯ ಡೈನಮೊಗಳ ಉತ್ಪಾದನೆ ಪೂರ್ಣ ವೇಗದಲ್ಲಿ 20ರಿಂದ 25 ಆಂಪಿಯರ್. ಐಡಲ್‌ನಲ್ಲಿ ಕಟೌಟ್ (ಡೈನಮೊವನ್ನು ಬ್ಯಾಟರಿಯಿಂದ ಬೇರ್ಪಡಿಸುವ ಸ್ವಿಚ್) ತೆರೆದುಕೊಳ್ಳುವುದರಿಂದ ಉತ್ಪಾದನೆ ಶೂನ್ಯ. ಹೆಡ್‌ಲ್ಯಾಂಪಿಗೆ 7ರಿಂದ 8, ಸಣ್ಣ ದೀಪಗಳಿಗೆ 2ರಿಂದ 3, ವೈಪರಿಗೆ 3ರಿಂದ 4, ಬ್ಲೋವರಿಗೆ 7ರಿಂದ 8 ಆಂಪಿಯರ್ ಕೂಡಿಸಿದರೆ ಮಳೆಯ ರಾತ್ರಿಯಲ್ಲಿ ಡೈನಮೊ ತನ್ನ ಶಕ್ತಿಯನ್ನೆಲ್ಲ ಕೊಟ್ಟರೂ ಬ್ಯಾಟರಿಗೆ ಉಳಿಯುವುದು ಅತಿ ಕಡಿಮೆ. ನಿಂತಾಗ ಬ್ಲೋವರನ್ನು ಕಡಿಮೆ ವೇಗಕ್ಕೆ ಇಳಿಸುವುದು, ಬೆಲ್ಟ್ ಬಿಗಿ ಇಡುವುದು ಇಷ್ಟರಿಂದ ನಿಭಾಯಿಸಬಹುದು. ಡೈನಮೊ ಬದಲು ಆಲ್ಟರ್ನೇಟರ್ ಹಾಕಿಸುವ ನಿರ್ಧಾರವನ್ನು ಗಾಡಿ ದಿನವೂ ದುಡಿಯುತ್ತದೆಯೇ ಎಂಬುದನ್ನು ನೋಡಿ ಮಾಡಬೇಕು.

ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ವಿದ್ಯುತ್ ಹೀಟರ್‌ಗಳ ಬಗ್ಗೆ ಆಗಾಗ ಪ್ರಶ್ನೆ ಬರುತ್ತದೆ. 150 ವಾಟಿನ ಅಂಥ ಹೀಟರ್ 12 ವೋಲ್ಟಿನಲ್ಲಿ 12.5 ಆಂಪಿಯರ್ ನುಂಗುತ್ತದೆ. ಎಂಜಿನ್ ನೀರಿನ ಹೀಟರ್ ಕೊಡುವ ಶಾಖ ಕಿಲೋವಾಟ್‌ಗಳಲ್ಲಿದೆ. ಲಾರಿಯ ಗಾಜಿಗೆ ಅವು ಸಾಲುವುದಿಲ್ಲ.

ಗಾಳಿ ಬರುತ್ತದೆ, ಬಿಸಿ ಇಲ್ಲ

ಹೀಟರಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡೂ ಹೋಸ್ ಪೈಪುಗಳನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ ನೋಡುವುದು ಇಲ್ಲಿನ ಮುಖ್ಯ ಪರೀಕ್ಷೆ. ಎರಡೂ ಬಿಸಿಯಾಗಿದ್ದು ಗಾಳಿ ತಣ್ಣಗಿದ್ದರೆ ಗಾಳಿ ಹೀಟರಿನ ಜಾಲರಿಯನ್ನು ಹಾಯದೆ ಪಕ್ಕದಿಂದ ನುಸುಳುತ್ತಿದೆ. ಹೋಗುವುದು ಬಿಸಿ, ಮರಳುವುದು ತಣ್ಣಗೆ ಎಂದಾದರೆ ನೀರು ಹರಿಯುತ್ತಿಲ್ಲ: ಕಾಕ್ ಕಚ್ಚಿಕೊಂಡಿರಬಹುದು, ಜಾಲರಿಯಲ್ಲಿ ಕೆಸರು ಕಟ್ಟಿರಬಹುದು, ಅಥವಾ ಗಾಳಿ ಸಿಕ್ಕಿಕೊಂಡಿರಬಹುದು. ಹೀಟರ್ ರೇಡಿಯೇಟರಿಗಿಂತ ಎತ್ತರದಲ್ಲಿದ್ದರೆ ಗಾಳಿ ಸಿಕ್ಕಿಕೊಳ್ಳುವುದು ಹೆಚ್ಚು. ಎಂಜಿನ್ ತಣ್ಣಗಿರುವಾಗ ಹೀಟರಿನ ಮೇಲಿನ ಹೋಸಿನ ಕ್ಲಿಪ್ ಸಡಿಲಿಸಿ, ರೇಡಿಯೇಟರಿಗೆ ನೀರು ತುಂಬಿಸುತ್ತಾ ಅಲ್ಲಿಂದ ನೀರು ಬರುವವರೆಗೆ ಕಾದು ಬಿಗಿಯಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ದಾರಿ ಬದಿಯ ಹಳ್ಳದ ನೀರನ್ನು ವರ್ಷಗಟ್ಟಲೆ ತುಂಬಿಸಿದ ಗಾಡಿಯಲ್ಲಿ ಜಾಲರಿ ತೊಳೆದಾಗ ಬರುವ ಕೆಂಪು ಕೆಸರನ್ನು ನೋಡಿದವರು ಮತ್ತೆ ಆ ನೀರು ಹಾಕುವುದಿಲ್ಲ.

ಎರಡೂ ಪೈಪುಗಳು ಬರಿಯ ಉಗುರುಬೆಚ್ಚಗೆ ಇದ್ದರೆ ಥರ್ಮೋಸ್ಟಾಟ್ (ನೀರು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದ ಕವಾಟ) ಇದೆಯೇ ನೋಡಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆಂದು ಅದನ್ನು ಕಿತ್ತೆಸೆಯುವುದು ನಮ್ಮ ಗ್ಯಾರೇಜುಗಳಲ್ಲಿ ಹಳೆಯ ರೂಢಿ. ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಎಂಜಿನ್, ಮಳೆಯಲ್ಲಿ ಘಾಟಿ ಇಳಿಯುವಾಗ, ಡೀಸೆಲ್ ಉರಿಯದೆ ಬರಿದೆ ತಿರುಗುತ್ತಾ ಇನ್ನಷ್ಟು ತಣ್ಣಗಾಗುತ್ತದೆ; ಗಾಜಿಗೆ ಬಿಸಿ ಗಾಳಿ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ಸಿಗುವುದಿಲ್ಲ. 80 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುವ, ಆ ಎಂಜಿನ್ನಿಗೆ ಹೊಂದುವ ಥರ್ಮೋಸ್ಟಾಟ್ ಮರಳಿ ಹಾಕಬೇಕು. ಆಗಲೂ ಎಂಜಿನ್ ಕಾಯುತ್ತಿದ್ದರೆ ಕಾರಣ ರೇಡಿಯೇಟರಿನಲ್ಲಿದೆ. ಹೀಟರಿನ ನೀರನ್ನು ಥರ್ಮೋಸ್ಟಾಟಿಗಿಂತ ಮೊದಲು, ಎಂಜಿನ್ ಹೆಡ್ಡಿನಿಂದ ತೆಗೆದುಕೊಂಡು ಪಂಪಿನ ಹೀರುವ ಬದಿಗೆ ಮರಳಿಸಬೇಕು. ಎರಡೂ ಪೈಪುಗಳನ್ನು ಒಂದೇ ಒತ್ತಡದ ಜಾಗಕ್ಕೆ ಜೋಡಿಸಿದರೆ ನೀರು ಹರಿಯಲು ಕಾರಣವೇ ಇರುವುದಿಲ್ಲ.

ಬಿಸಿ ಇದೆ, ಮಬ್ಬು ಹೋಗುವುದಿಲ್ಲ

ಕ್ಯಾಬಿನ್ನಿನ ಒಳಗಿನ ಗಾಳಿಯಲ್ಲಿ ಚಾಲಕ, ಕ್ಲೀನರ್ ಇಬ್ಬರ ಉಸಿರು, ಒದ್ದೆ ಬಟ್ಟೆ, ಕಂಬಳಿ, ನೆಲದ ಮೇಲಿನ ನೀರು ಎಲ್ಲವೂ ಸೇರಿ ಪಸೆ ತುಂಬಿರುತ್ತದೆ. ಆ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ಹೀಟರ್ ಅದನ್ನು ಬಿಸಿ ಮಾಡಿದರೂ ತೇವವನ್ನು ಹೊರಗೆ ಹಾಕುವುದಿಲ್ಲ. ಹೊರಗೆ ಮಳೆ ಸುರಿಯುತ್ತಿದ್ದರೂ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳಬೇಕು ಎಂದರೆ ಅನೇಕರು ಒಪ್ಪುವುದಿಲ್ಲ. ಲೆಕ್ಕ ಹೀಗಿದೆ: 20 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 42ರ ಸುಮಾರಿಗೆ ಇಳಿಯುತ್ತದೆ, ಅಂದರೆ ಅದು ಗಾಜಿನ ತೇವವನ್ನು ಹೀರಿಕೊಳ್ಳಬಲ್ಲ ಗಾಳಿಯಾಗುತ್ತದೆ. ಅದು ಹೊರಹೋಗಲು ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿರಬೇಕು. ಬೇರೆ ಗಾಡಿಯಿಂದ ತಂದ ಹೀಟರುಗಳು ಸಾಮಾನ್ಯವಾಗಿ ಕಾಲಿನ ಬಳಿಯ ಗಾಳಿಯನ್ನೇ ಹೀರುವಂತೆ ಕೂತಿರುತ್ತವೆ. ಹೊರಗಿನಿಂದ ಒಂದು ಹೋಸ್ ಕೊಟ್ಟರೆ ಆಗುವ ವ್ಯತ್ಯಾಸ ಹೊಸ ಮೋಟಾರ್ ಹಾಕಿದ್ದಕ್ಕಿಂತ ದೊಡ್ಡದು.

ಎರಡು ತುಂಡಿನ ಗಾಜಿರುವ ಗಾಡಿಯಲ್ಲಿ ಒಂದು ಬದಿ ಮಾತ್ರ ತಿಳಿಯಾದರೆ ಇನ್ನೊಂದು ಬದಿಯ ಹೋಸ್ ಕಳಚಿದೆ, ಅಥವಾ ಇಲಿ ಕಡಿದಿದೆ. ಬೇಸಿಗೆಯಲ್ಲಿ ಕೊಟ್ಟಿಗೆಯ ಪಕ್ಕ ನಿಂತಿದ್ದ ಲಾರಿಯ ಗಾಳಿಗಂಡಿಯಲ್ಲಿ ಕುಂಬಾರ ಹುಳುವಿನ ಮಣ್ಣುಗೂಡು, ತರಗೆಲೆ ತುಂಬಿರುವುದೂ ಉಂಟು. ಇನ್ನು, ಗಾಜು ಒರೆಸಿದಷ್ಟೂ ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಹೀಟರಿನ ಜಾಲರಿ ಸೋರಿ ಕೂಲಂಟ್ ಆವಿಯಾಗುತ್ತಿದೆ ಎಂದರ್ಥ. ಬರಿಯ ನೀರು ತುಂಬಿದ ಗಾಡಿಯಲ್ಲಿ ವಾಸನೆಯ ಸುಳಿವೂ ಇರುವುದಿಲ್ಲ. ಬ್ಲೋವರ್ ಹಾಕಿದಾಗ ಮಬ್ಬು ಕಡಿಮೆಯಾಗುವ ಬದಲು ಹೆಚ್ಚಾದರೆ ಜಾಲರಿಯನ್ನು ಬಿಚ್ಚಿ, ನೀರಿನಲ್ಲಿ ಮುಳುಗಿಸಿ, ಹಗುರವಾದ ಗಾಳಿಯ ಒತ್ತಡ ಕೊಟ್ಟು ಗುಳ್ಳೆ ಏಳುತ್ತದೆಯೇ ನೋಡಬೇಕು.

ಮೋಟಾರನ್ನು ಬಿಚ್ಚುವುದು ಕಡೆಗೆ

ಬ್ಲೋವರಿನ ಟರ್ಮಿನಲ್‌ಗಳಲ್ಲಿ ಪೂರ್ತಿ ವೋಲ್ಟೇಜ್ ಇದ್ದೂ ಅದು ನಿಧಾನವಾಗಿ ತಿರುಗಿದಾಗ ಮಾತ್ರ ಮೋಟಾರಿಗೆ ಕೈ ಹಾಕಬೇಕು. ಸರಣಿಯಲ್ಲಿ ಆಮೀಟರ್ ಹಾಕಿದಾಗ ಇರಬೇಕಾದ್ದಕ್ಕಿಂತ ಹೆಚ್ಚು ಆಂಪಿಯರ್ ತೋರಿಸಿದರೆ ಬುಷ್ (ಮೋಟಾರಿನ ಅಕ್ಷ ತಿರುಗುವ ಬಳೆ) ಬಿಗಿಹಿಡಿದಿದೆ. ಕೈಯಿಂದ ತಿರುಗಿಸಿದಾಗಲೂ ಅದು ತಿಳಿಯುತ್ತದೆ, ಒಂದು ಹನಿ ಸಣ್ಣ ಎಣ್ಣೆಯಿಂದ ಅನೇಕ ಸಲ ಸರಿಹೋಗುತ್ತದೆ. ಕಡಿಮೆ ಆಂಪಿಯರ್ ತೋರಿಸಿ, ಮೋಟಾರಿನ ಮೇಲೆ ತಟ್ಟಿದಾಗ ವೇಗ ಏರಿದರೆ ಕಾರ್ಬನ್ ಬ್ರಷ್ ಸವೆದಿದೆ.

ಎಲ್ಲ ಮುಗಿದ ಮೇಲೆ ಭಾರ ಹಾಕಿ ತೆಗೆದ ನಾಲ್ಕು ಅಳತೆಗಳನ್ನು, ಅಂದರೆ ಬ್ಯಾಟರಿ, ಬ್ಲೋವರ್, ಹೋಗುವ ದಾರಿಯ ನಷ್ಟ, ಅರ್ತಿನ ನಷ್ಟ ಇವನ್ನು ತಾರೀಖಿನೊಡನೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಬೇಕು. ಮೊದಲ ಜಡಿಮಳೆಯ ಒಂದು ತಿಂಗಳ ನಂತರ, ಅಂದರೆ ಜುಲೈ ಹೊತ್ತಿಗೆ, ಅದೇ ಅಳತೆಗಳನ್ನು ಮತ್ತೆ ತೆಗೆದು ಹೋಲಿಸಬೇಕು. ಅರ್ತಿನ ನಷ್ಟ 0.2ರಷ್ಟು ಏರಿದ್ದರೂ ಲಗ್ಗನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿಯಬೇಕು.